ಸ್ನೋ ಕರಗಿದ ಮೇಲೆ ಯಾರ್ಡ್ ಯಾಕೆ ಹಿಂಗಾಗತ್ತೆ? ಚಳಿ ಊರಲ್ಲಿ ಮೊದಲ ಸಲ ಮನೆ ತಗೊಂಡವರಿಗೆ

ಏಪ್ರಿಲ್ ಮೊದಲನೇ ವಾರ ಗೆಳೆಯನೊಬ್ಬ ವಾಟ್ಸಾಪಲ್ಲಿ ಐದು ಫೋಟೋ ಕಳಿಸಿದ. ಅಕ್ಟೋಬರಲ್ಲಿ ಮಿನೆಸೋಟಾದ ನಾರ್ತ್‌ಫೀಲ್ಡಲ್ಲಿ ಮನೆ ತಗೊಂಡಿದ್ದ, ಮಿನಿಯಾಪೊಲಿಸ್‌ನಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆ ದಾರಿ, ಇಪ್ಪತ್ತು ಸಾವಿರ ಚಿಲ್ಲರೆ ಜನ ಇರೋ ಸಣ್ಣ ಊರು, ಎರಡು ಕಾಲೇಜು, ಮಧ್ಯದಲ್ಲಿ ಕ್ಯಾನನ್ ನದಿ. ಗೃಹಪ್ರವೇಶ ಮುಗಿಸಿ ಸಾಮಾನು ಜೋಡಿಸೋಷ್ಟರಲ್ಲಿ ಎಲೆ ಉದುರಿತು, ಆಮೇಲೆ ಸ್ನೋ ಬಿತ್ತು, ತನ್ನ ಯಾರ್ಡ್ ಹೇಗಿದೆ ಅಂತ ಅವನು ಸರಿಯಾಗಿ ನೋಡಿದ್ದೇ ಸ್ನೋ ಕರಗಿದ ಮೇಲೆ.

ಮೊದಲನೇ ಫೋಟೋದಲ್ಲಿ ಹುಲ್ಲೆಲ್ಲ ಒಣಗಿ ಅಲ್ಲಲ್ಲಿ ಬೂದು ಬಣ್ಣದ ದುಂಡು ದುಂಡು ಕಲೆ, ಹಳೇ ಬ್ರೆಡ್ಡಿಗೆ ಬೂಷ್ಟು ಹಿಡಿದ ಹಾಗೆ. ಎರಡನೇದ್ರಲ್ಲಿ ಲಾನ್ ತುಂಬ ಹಾವು ಹರಿದ ಹಾಗೆ ಅಂಕುಡೊಂಕು ಗೆರೆ. ಮೂರನೇದು ಡ್ರೈವ್‌ವೇ ಪಕ್ಕದಲ್ಲಿ ಉದ್ದಕ್ಕೂ ಸತ್ತ ಪಟ್ಟಿ. ನಾಲ್ಕನೇದು ಬೇಲಿಗೆ ಅಂತ ನೆಟ್ಟಿದ್ದ ಆರ್ಬರ್‌ವೈಟಿ ಅನ್ನೋ ನಿತ್ಯ ಹಸಿರು ಗಿಡ, ಒಂದು ಕಡೆ ಹಸಿರು ಇನ್ನೊಂದು ಕಡೆ ಕಾಫಿ ಡಿಕಾಕ್ಷನ್ ಬಣ್ಣ. ಐದನೇದ್ರಲ್ಲಿ ಸ್ನೋ ಬರೋ ಮುಂಚೆ ಆಸೆಪಟ್ಟು ನೆಟ್ಟಿದ್ದ ಹೂವಿನ ಗಿಡಗಳು ಯಾರೋ ಕಿತ್ತು ಮೇಲಿಟ್ಟ ಹಾಗೆ ಬೇರು ತೋರಿಸ್ಕೊಂಡು ಕೂತಿವೆ. ಕೆಳಗೆ ಒಂದೇ ಲೈನು: "ಮನೆ ಮಾರಿದವರು ಟೋಪಿ ಹಾಕಿದ್ರಾ?"

ಯಾರೂ ಟೋಪಿ ಹಾಕಿಲ್ಲ. ಐದಕ್ಕೂ ಮೂಲ ಹೆಚ್ಚುಕಮ್ಮಿ ಒಂದೇ, ನೀರು ಮಂಜುಗಡ್ಡೆ ಆಗೋದು. ಮಣ್ಣೊಳಗಿನ ನೀರು, ಎಲೆಯೊಳಗಿನ ನೀರು, ಪೈಪಲ್ಲಿರೋ ನೀರು. ಅದೊಂದು ತಲೆಗೆ ಹೋದ್ರೆ ಯಾವಾಗ ಗೊಬ್ಬರ, ಯಾವಾಗ ಬೀಜ, ಯಾವ ಗಿಡ, ಎಲ್ಲಾ ತಾನೇ ಅರ್ಥ ಆಗ್ತಾ ಹೋಗತ್ತೆ, ಹಾಗಾಗಿ ಅಲ್ಲಿಂದಾನೇ ಶುರು ಮಾಡೋಣ.

ನೆಲವೇ ಗಟ್ಟಿ ಆಗೋದು ಅಂದ್ರೆ

ನಮ್ಮೂರಲ್ಲಿ ಮಣ್ಣಿಗೆ ಎರಡೇ ಅವತಾರ, ಮಳೆ ಬಂದ್ರೆ ಕೆಸರು ಬಿಸಿಲು ಬಂದ್ರೆ ಬಿರುಕು. ಇಲ್ಲಿ ಮೂರನೇದೊಂದಿದೆ, ಕಲ್ಲು. ಡಿಸೆಂಬರ್ ಹೊತ್ತಿಗೆ ಗುದ್ದಲಿ ಹಾಕಿದ್ರೆ ಠಣ್ ಅನ್ನತ್ತೆ. ಈ ಹೆಪ್ಪುಗಟ್ಟೋದು ಎಷ್ಟು ಆಳಕ್ಕೆ ಹೋಗ್ಬಹುದೋ ಅದಕ್ಕೆ ಫ್ರಾಸ್ಟ್ ಡೆಪ್ತ್ ಅಂತಾರೆ, ಮಿನೆಸೋಟಾದ ಕಟ್ಟಡದ ನಿಯಮದ ಪ್ರಕಾರ ದಕ್ಷಿಣದ ಭಾಗದಲ್ಲಿ ಪಾಯ ಕನಿಷ್ಠ 42 ಇಂಚು ಆಳಕ್ಕೆ ಇಳೀಬೇಕು, ಉತ್ತರದ ಭಾಗದಲ್ಲಿ 60 ಇಂಚು. ಅಂದ್ರೆ ಐದಡಿ, ಒಬ್ಬ ಮನುಷ್ಯ ಭುಜದವರೆಗೂ ಇಳಿಯೋಷ್ಟು ಆಳ.

ನೀರು ಗಡ್ಡೆ ಆದಾಗ ಸುಮಾರು 9 ಪರ್ಸೆಂಟ್ ಹಿಗ್ಗತ್ತೆ. ಫ್ರೀಜರಲ್ಲಿ ತುಂಬಿದ ಗಾಜಿನ ಬಾಟ್ಲಿ ಮರೆತುಬಿಟ್ಟವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಅದೇ ಕೆಲಸ ಇಲ್ಲಿ ಮಣ್ಣಲ್ಲಿ, ಗೋಡೆ ಬಿರುಕಲ್ಲಿ, ಸ್ಪ್ರಿಂಕ್ಲರ್ ಪೈಪಲ್ಲಿ ನಡೆಯತ್ತೆ.

ಇನ್ನೊಂದು ವಿಷಯ ಹೊಸಬರಿಗೆ ಉಲ್ಟಾ ಅನ್ಸತ್ತೆ. ಸ್ನೋ ಗಿಡಕ್ಕೆ ಶತ್ರು ಅಲ್ಲ, ಕಂಬಳಿ. ಹೊಸದಾಗಿ ಬಿದ್ದ ಸ್ನೋದಲ್ಲಿ ಬಹುಪಾಲು ಗಾಳಿನೇ ಇರೋದು, ನಮ್ಮ ಹತ್ತಿ ರಜಾಯಿ ಹೇಗೆ ಗಾಳಿ ಹಿಡ್ಕೊಂಡು ಬೆಚ್ಚಗಿಡತ್ತೋ ಹಾಗೇನೇ. ಹೊರಗೆ ಮೈನಸ್ 25 ಸೆಲ್ಸಿಯಸ್ ಇದ್ರೂ ಒಂದಡಿ ಸ್ನೋ ಕೆಳಗೆ ನೆಲದ ಹತ್ರ ಸೊನ್ನೆಯ ಆಸುಪಾಸಲ್ಲೇ ಇರ್ಬಹುದು. ಹಾಗಾಗಿ ಗಿಡಗಳಿಗೆ ನಿಜವಾಗ್ಲೂ ಕೆಟ್ಟ ಚಳಿಗಾಲ ಅಂದ್ರೆ ಸ್ನೋ ಜಾಸ್ತಿ ಬಿದ್ದಿದ್ದಲ್ಲ, ಸ್ನೋ ಇಲ್ದೇ ಚಳಿ ಹೊಡೆದಿದ್ದು.

ಝೋನ್ 4 ಅಂದ್ರೆ ಏನು

ನರ್ಸರಿಗೆ ಹೋದ್ರೆ ಪ್ರತಿ ಗಿಡದ ಚೀಟಿ ಮೇಲೆ ಝೋನ್ ಅಂತ ನಂಬರ್ ಇರತ್ತೆ. ಇದು ಅಮೆರಿಕದ ಕೃಷಿ ಇಲಾಖೆ ಮಾಡಿರೋ ಮ್ಯಾಪು. ಪ್ರತಿ ಜಾಗದಲ್ಲೂ ವರ್ಷದ ಅತೀ ಚಳಿ ರಾತ್ರಿಯ ತಾಪಮಾನ ತಗೊಂಡು, ಮೂವತ್ತು ವರ್ಷದ್ದು ಸರಾಸರಿ ಮಾಡಿ, ಹತ್ತು ಹತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಒಂದೊಂದು ಝೋನ್ ಮಾಡಿದ್ದಾರೆ, ಒಟ್ಟು 13. ಝೋನ್ 4 ಅಂದ್ರೆ ಆ ಸರಾಸರಿ ಮೈನಸ್ 30ರಿಂದ ಮೈನಸ್ 20 ಫ್ಯಾರನ್‌ಹೀಟ್ ಮಧ್ಯ, ಸೆಲ್ಸಿಯಸಲ್ಲಿ ಸುಮಾರು ಮೈನಸ್ 34ರಿಂದ ಮೈನಸ್ 29. ಮಿನೆಸೋಟಾದ ಬಹುಭಾಗ 3 ಮತ್ತು 4ರಲ್ಲಿ ಬರತ್ತೆ. 2023ರಲ್ಲಿ ಹೊಸ ಮ್ಯಾಪ್ ಬಿಟ್ಟಾಗ ದೇಶದ ಸುಮಾರು ಅರ್ಧ ಭಾಗ ಅರ್ಧ ಝೋನಿನಷ್ಟು ಬೆಚ್ಚಗಿನ ಕಡೆ ಸರೀತು, ದಕ್ಷಿಣ ಮಿನೆಸೋಟಾದ ಎಷ್ಟೋ ಜಾಗಕ್ಕೆ ಈಗ 5ರ ಪಟ್ಟ ಸಿಕ್ಕಿದೆ.

ಇಲ್ಲಿ ಜನ ಜಾರೋದು "ಸರಾಸರಿ" ಅನ್ನೋ ಪದದಲ್ಲಿ. ಸರಾಸರಿಗಿಂತ ಚಳಿ ಇರೋ ವರ್ಷ ಬಂದೇ ಬರತ್ತೆ. ಒಂದು ಗಿಡ ಝೋನ್ 5ರದ್ದು ಅಂತಿದ್ರೆ ನಾಲ್ಕು ವರ್ಷ ಚೆನ್ನಾಗಿ ಬಂದು ಐದನೇ ವರ್ಷ ಒಂದೇ ರಾತ್ರಿಲಿ ಹೋಗ್ಬಹುದು. ದುಡ್ಡು ಜಾಸ್ತಿ ಕೊಟ್ಟು ತರೋ ಮರಕ್ಕೆ ನಾನಂತೂ ಒಂದು ನಂಬರ್ ಕಮ್ಮಿ, ಅಂದ್ರೆ ಇನ್ನೂ ಜಾಸ್ತಿ ಚಳಿ ತಡೆಯೋದನ್ನೇ ನೋಡ್ತೀನಿ. ಇನ್ನೊಂದು, ಈ ನಂಬರ್ ಚಳಿಗೆ ಮಾತ್ರ. ಬೇಸಿಗೆ ಎಷ್ಟು ಬಿಸಿ, ಮಣ್ಣು ಎಂಥದ್ದು, ಗಾಳಿ ಎಷ್ಟು ಬೀಸತ್ತೆ ಅದ್ಯಾವುದೂ ಇದರಲ್ಲಿ ಬರಲ್ಲ.

ಗರಿಕೆ ಯಾಕೆ ಇಲ್ಲಿ ಬದುಕಲ್ಲ

ಹುಲ್ಲಲ್ಲಿ ಎರಡು ಜಾತಿ. ಒಂದು ಬಿಸಿಲಿನ ಹುಲ್ಲು, ಇನ್ನೊಂದು ತಂಪಿನ ಹುಲ್ಲು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬರ್ಮ್ಯೂಡಾ ಗ್ರಾಸ್ ಅಂತ ಲಾನ್ ಹಾಕ್ತಾರಲ್ಲ ಅದು ಬೇರೆ ಏನೂ ಅಲ್ಲ, ನಾವು ಗಣಪತಿಗೆ ಏರಿಸೋ ಗರಿಕೆನೇ. ನಮ್ಮ ಕಡೆ ಗದ್ದೆ ಬದುವಲ್ಲಿ ಎಷ್ಟು ಕಿತ್ರೂ ಸಾಯದ ಗರಿಕೆ ಇಲ್ಲಿ ಒಂದು ಚಳಿಗಾಲಕ್ಕೆ ಮಣ್ಣಾಗತ್ತೆ, ಯಾಕಂದ್ರೆ ಅದು ಬಿಸಿಲಿನ ಜಾತಿ. ಚೌತಿಗೆ ಬೇಕು ಅಂದ್ರೆ ಕುಂಡದಲ್ಲಿ ಹಾಕಿ ಚಳಿಗೆ ಒಳಗೆ ತಗೋಬೇಕು, ಅಷ್ಟೇ ದಾರಿ.

ಇಲ್ಲಿನ ಲಾನಲ್ಲಿ ಇರೋದು ಕೆಂಟಕಿ ಬ್ಲೂಗ್ರಾಸ್, ಫೈನ್ ಫೆಸ್ಕ್ಯೂ, ಪೆರೆನ್ನಿಯಲ್ ರೈ, ಈ ತಂಪಿನ ಜಾತಿಗಳು. ಇವು ಹುರುಪಾಗಿ ಬೆಳೆಯೋದು 15ರಿಂದ 24 ಡಿಗ್ರಿ ಸೆಲ್ಸಿಯಸ್ ಮಧ್ಯ, ಅಂದ್ರೆ ಮೇ-ಜೂನಲ್ಲಿ ಒಂದ್ಸಲ, ಸೆಪ್ಟೆಂಬರಲ್ಲಿ ಇನ್ನೊಂದ್ಸಲ. ಜುಲೈ ಸೆಕೆಗೆ ನೀರು ಕಮ್ಮಿ ಆದ್ರೆ ಕಂದು ಬಣ್ಣಕ್ಕೆ ತಿರುಗಿ ಮಲಗಿಬಿಡತ್ತೆ, ಸತ್ತಿರಲ್ಲ. ನವೆಂಬರಲ್ಲಿ ಮತ್ತೆ ಮಲಗತ್ತೆ. ವರ್ಷಕ್ಕೆ ಎರಡು ನಿದ್ದೆ ಮಾಡೋ ಹುಲ್ಲು ಅಂತ ಇಟ್ಕೊಳಿ.

ಹುಲ್ಲಿನ ಜೀವ ಇರೋದು ಎಲೆಲಲ್ಲ, ನೆಲಕ್ಕೆ ತಾಗ್ಕೊಂಡಿರೋ ಬುಡದ ಗಂಟಲ್ಲಿ, ಕ್ರೌನ್ ಅಂತಾರೆ ಅದಕ್ಕೆ. ಎಲೆ ಒಣಗ್ಲಿ, ಇಲಿ ತಿನ್ಲಿ, ಬೂಷ್ಟು ಹಿಡೀಲಿ, ಗಂಟು ಬಿಳಿಯಾಗಿ ಗಟ್ಟಿಯಾಗಿದ್ರೆ ಮತ್ತೆ ಚಿಗುರತ್ತೆ. ಏಪ್ರಿಲಲ್ಲಿ ಒಣಗಿದ ಲಾನ್ ನೋಡಿ ಗಾಬರಿ ಆಗೋ ಮುಂಚೆ ಒಂದು ಸಣ್ಣ ಕಂತೆ ಕಿತ್ತು ಬುಡ ನೋಡಿ.

ಕತ್ತರಿಸೋ ವಿಷಯಕ್ಕೂ ಇದೇ ಲೆಕ್ಕ. ಸುಮಾರು 3ರಿಂದ 3.5 ಇಂಚು ಎತ್ತರ ಬಿಡ್ಬೇಕು, ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೀಬಾರ್ದು. ಕಟಿಂಗ್ ಶಾಪಲ್ಲಿ ಮಿಷನ್ ಹೊಡೆಸಿದ ಹಾಗೆ ನುಣ್ಣಗೆ ಮಾಡಿದ್ರೆ ನೋಡೋಕೆ ಎರಡು ದಿನ ಚೆಂದ, ಆಮೇಲೆ ಬೇರು ಮೇಲಕ್ಕೇ ಉಳಿದುಬಿಡತ್ತೆ, ಬಿಸಿಲು ನೆಲಕ್ಕೆ ಬಿದ್ದು ಕಳೆ ಬೀಜ ಮೊಳೆಯತ್ತೆ.

ಬೂಷ್ಟು ಮತ್ತು ಇಲಿ ದಾರಿ

ಮೊದಲನೇ ಫೋಟೋದಲ್ಲಿದ್ದ ದುಂಡು ಕಲೆಗೆ ಸ್ನೋ ಮೋಲ್ಡ್ ಅಂತ ಹೆಸರು. ಒಂಥರಾ ಶಿಲೀಂಧ್ರ. ನೆಲ ಪೂರ್ತಿ ಗಟ್ಟಿ ಆಗೋ ಮುಂಚೆನೇ ಸ್ನೋ ಬಿದ್ದು ಅದು ಎರಡು ಮೂರು ತಿಂಗಳು ಕರಗದೇ ಕೂತ್ರೆ ಕೆಳಗೆ ಒದ್ದೆ, ಕತ್ತಲೆ, ಸೊನ್ನೆ ಆಸುಪಾಸಿನ ತಂಪು, ಇದಕ್ಕೆ ಬೇಕಾದ್ದೆಲ್ಲ ಸಿಕ್ತು. ಉದುರಿದ ಎಲೆ ಗುಡಿಸದೇ ಬಿಟ್ಟಿದ್ರೆ, ಹುಲ್ಲು ಉದ್ದ ಬಿಟ್ಟು ಅದು ಬಾಗಿ ಮಲಗಿದ್ರೆ, ಡ್ರೈವ್‌ವೇ ಸ್ನೋ ಎಲ್ಲ ಒಂದೇ ಕಡೆ ಗುಡ್ಡೆ ಹಾಕಿದ್ರೆ ಇನ್ನೂ ಜಾಸ್ತಿ. ಬೂದು ಬಣ್ಣದ್ದು ಒಂದು, ಗುಲಾಬಿ ಬಣ್ಣದ್ದು ಇನ್ನೊಂದು, ಗುಲಾಬಿದು ಸ್ವಲ್ಪ ಹಠಮಾರಿ, ಬುಡದವರೆಗೂ ಹೋಗ್ಬಹುದು. ಬೂದುದಾದ್ರೆ ಲಾನ್ ಒಣಗಿದ ಮೇಲೆ ರೇಕಲ್ಲಿ ಮೆತ್ತಗೆ ಕೆದರಿ ಗಾಳಿ ಆಡೋ ಹಾಗೆ ಮಾಡಿದ್ರೆ ಸಾಕು, ಬಿಸಿಲು ಬಿದ್ರೆ ತಾನೇ ಹೋಗತ್ತೆ. ವಸಂತದಲ್ಲಿ ಔಷಧಿ ಹೊಡೆಯೋದು ದುಡ್ಡು ದಂಡ, ಆ ಹೊತ್ತಿಗೆ ಅದರ ಆಟ ಮುಗಿದಿರತ್ತೆ.

ಎರಡನೇ ಫೋಟೋದ ಅಂಕುಡೊಂಕು ಗೆರೆ ವೋಲ್‌ಗಳ ಕೆಲಸ. ಮೋಟು ಬಾಲದ ಇಲಿ ಥರದ ಪ್ರಾಣಿ, ಚಳಿಗಾಲದಲ್ಲಿ ನಿದ್ದೆ ಮಾಡಲ್ಲ. ಸ್ನೋ ಕಂಬಳಿ ಕೆಳಗೆ ಗೂಬೆ ನರಿ ಯಾರ ಕಣ್ಣಿಗೂ ಬೀಳದೇ ಸುರಂಗ ಮಾಡ್ಕೊಂಡು ಹುಲ್ಲು ತಿಂತಾ ಓಡಾಡ್ಕೊಂಡಿರತ್ತೆ, ಮೇಲಿಂದ ನೋಡಿದ ನಮಗೆ ಎಲ್ಲ ಬಿಳಿ, ಎಲ್ಲ ಶಾಂತ. ಲಾನ್‌ಗೆ ಆಗೋ ನಷ್ಟ ಮೇ ಕೊನೆಗೆ ಮುಚ್ಚಿಹೋಗತ್ತೆ. ಯೋಚ್ನೆ ಮಾಡ್ಬೇಕಾಗಿರೋದು ಎಳೇ ಮರಗಳ ಬಗ್ಗೆ, ವೋಲ್ ಬುಡದ ತೊಗಟೆನ ಸುತ್ತಲೂ ಕೆರೆದು ತಿಂದುಬಿಟ್ರೆ ಮರ ಉಳಿಯಲ್ಲ, ಎಲೆಯಿಂದ ಬೇರಿಗೆ ಊಟ ಇಳಿಯೋ ದಾರಿ ತೊಗಟೆ ಒಳಗೇ ಇರೋದು. ಅದಕ್ಕೆ ಅಕ್ಟೋಬರಲ್ಲಿ ಕಾಲಿಂಚು ಕಣ್ಣಿನ ತಂತಿ ಬಲೆ ಸುತ್ತಿ, ಎರಡು ಮೂರು ಇಂಚು ಮಣ್ಣೊಳಗೆ ಹೂತು, ಮೇಲೆ ಸ್ನೋ ಎಷ್ಟು ಕೂರತ್ತೋ ಅದಕ್ಕಿಂತ ಒಂದೂವರೆ ಅಡಿ ಎತ್ತರ ಇಡ್ತಾರೆ. ಅಷ್ಟು ಎತ್ತರ ಯಾಕಪ್ಪಾ ಅಂದ್ರೆ ಮೊಲ, ಅದು ಸ್ನೋ ಮೇಲೆ ನಿಂತ್ಕೊಂಡು ತಿನ್ನತ್ತೆ.

ಉಪ್ಪು: ಉಪ್ಪಿನಕಾಯಿ ಲೆಕ್ಕ

ಮೂರನೇ ಫೋಟೋದ ಸತ್ತ ಪಟ್ಟಿಗೆ ಕಾರಣ ಚಳಿಗಾಲದಲ್ಲಿ ಗಡ್ಡೆ ಕರಗಿಸೋಕೆ ಅಂತ ಡ್ರೈವ್‌ವೇಗೆ ಹಾಕೋ ಉಪ್ಪು. ಉಪ್ಪಿನಕಾಯಿಗೆ ಮಾವಿನಕಾಯಿ ಹೋಳು ಮಾಡಿ ಉಪ್ಪು ಬೆರೆಸಿ ಇಟ್ರೆ ಬೆಳಿಗ್ಗೆ ಹೊತ್ತಿಗೆ ಪಾತ್ರೆ ತುಂಬ ನೀರು, ಹೋಳು ಸುಕ್ಕು ಅಲ್ವಾ. ಉಪ್ಪು ಇರೋ ಕಡೆಗೆ ನೀರು ಎಳ್ಕೊಂಡು ಹೋಗತ್ತೆ. ಡ್ರೈವ್‌ವೇ ಅಂಚಿನ ಹುಲ್ಲಿನ ಬೇರಿಗೆ ಆಗೋದೂ ಅದೇ, ಸುತ್ತ ಒದ್ದೆ ಮಣ್ಣಿದ್ರೂ ಅದರೊಳಗಿನ ಉಪ್ಪು ನೀರನ್ನ ಬಿಟ್ಟುಕೊಡಲ್ಲ, ಬೇರು ಬಾಯಾರಿ ಸಾಯತ್ತೆ. ಜೊತೆಗೆ ಸೋಡಿಯಂ ಜೇಡಿಮಣ್ಣಿನ ಹರಳು ಹರಳು ರಚನೆನ ಕೆಡಿಸಿ ಮಣ್ಣನ್ನ ಹಿಟ್ಟು ಅದುಮಿದ ಹಾಗೆ ಮಾಡಿಬಿಡತ್ತೆ, ಮೇಲಿಂದ ನೀರೂ ಇಳಿಯಲ್ಲ.

ಉಪ್ಪು ಹಾಕೋದು ಯಾಕೆ ಅಂದ್ರೆ ಉಪ್ಪು ಬೆರೆತ ನೀರು ಸೊನ್ನೆಗೆ ಗಟ್ಟಿ ಆಗಲ್ಲ, ಇನ್ನೂ ಚಳಿ ಬೇಕು. ಆದ್ರೆ ಇದಕ್ಕೂ ಮಿತಿ ಇದೆ, ಸಾಮಾನ್ಯ ಉಪ್ಪು ಸುಮಾರು 15 ಫ್ಯಾರನ್‌ಹೀಟ್, ಅಂದ್ರೆ ಮೈನಸ್ 9 ಸೆಲ್ಸಿಯಸ್‌ವರೆಗೆ ಮಾತ್ರ ಕೆಲಸ ಮಾಡೋದು. ಜನವರಿಲಿ ಮೈನಸ್ 20 ಇರುವಾಗ ಬಕೆಟ್‌ಗಟ್ಟಲೆ ಸುರಿದ್ರೂ ಹಾಗೇ ಬಿದ್ದಿರತ್ತೆ, ಏಪ್ರಿಲಲ್ಲಿ ಅಷ್ಟೂ ಲಾನಿಗೆ. ಅಷ್ಟು ಚಳಿಗೆ ಮರಳು ಹಾಕೋದೇ ಸರಿ, ಕರಗಿಸಲ್ಲ, ಆದ್ರೆ ಕಾಲು ಜಾರಲ್ಲ.

ಎಷ್ಟು ಹಾಕ್ಬೇಕು? ಮಿನೆಸೋಟಾದ ಮಾಲಿನ್ಯ ನಿಯಂತ್ರಣ ಸಂಸ್ಥೆಯವರು ಹೇಳೋ ಅಳತೆ ಸುಲಭ, 12 ಔನ್ಸಿನ ದೊಡ್ಡ ಕಾಫಿ ಮಗ್ ತುಂಬ ಉಪ್ಪು 20 ಅಡಿ ಡ್ರೈವ್‌ವೇಗೆ ಸಾಕು. ಮೊದಲು ಸ್ನೋ ಪೂರ್ತಿ ತಳ್ಳಿ, ಆಮೇಲೆ ಉಳಿದ ಗಡ್ಡೆಗೆ ಮಾತ್ರ, ಹರಳಿಗೂ ಹರಳಿಗೂ ಜಾಗ ಇರೋ ಹಾಗೆ. ಅದೇ ಸಂಸ್ಥೆ ಹೇಳೋ ಇನ್ನೊಂದು ಲೆಕ್ಕ ಓದಿದ ಮೇಲೆ ನಾನು ಕೈ ಬಿಗಿ ಮಾಡಿದ್ದು: ಒಂದು ಟೀ ಚಮಚ ಉಪ್ಪು 5 ಗ್ಯಾಲನ್, ಅಂದ್ರೆ ಹತ್ತತ್ರ 19 ಲೀಟರ್ ನೀರನ್ನ ಕೆಡಿಸತ್ತೆ, ಕೆರೆಗೆ ಒಂದ್ಸಲ ಸೇರಿದ ಕ್ಲೋರೈಡ್ ತೆಗೆಯೋಕೆ ಸುಲಭದ ದಾರಿ ಇಲ್ಲ.

ಈಗಾಗ್ಲೇ ಸತ್ತಿರೋ ಪಟ್ಟಿಗೆ ಏನು ಮಾಡೋದು? ನೆಲ ಕರಗಿದ ಮೇಲೆ ಎರಡು ಮೂರು ಸಲ ಚೆನ್ನಾಗಿ ನೀರು ಬಿಟ್ಟು ಉಪ್ಪನ್ನ ಬೇರಿಗಿಂತ ಕೆಳಗೆ ಇಳಿಸ್ಬೇಕು, ಆಮೇಲೆ ಬೀಜ. ಫೈನ್ ಫೆಸ್ಕ್ಯೂ ಜಾತಿಗಳಲ್ಲಿ ಕೆಲವು ಉಪ್ಪು ತಡ್ಕೊಳ್ತವೆ, ಅದನ್ನ ಕೇಳಿ ತಗೊಳಿ.

ಅರ್ಧ ಕಂದಾದ ಬೇಲಿ

ಚಳಿಗೆ ಎಲೆ ಉದುರಿಸೋ ಮರಗಳು ಅಂಗಡಿ ಶಟರ್ ಎಳೆದ ಹಾಗೆ, ವ್ಯವಹಾರ ಬಂದ್. ಆರ್ಬರ್‌ವೈಟಿ ಥರದ ನಿತ್ಯ ಹಸಿರು ಗಿಡಗಳು ಮಾತ್ರ ಶಟರ್ ಅರ್ಧ ತೆಗೆದಿಟ್ಟಿರ್ತವೆ. ಫೆಬ್ರವರಿ ಮಾರ್ಚಲ್ಲಿ ಬಿಸಿಲು ಚೆನ್ನಾಗಿ ಬಿದ್ದು ಗಾಳಿ ಬೀಸಿದಾಗ ಎಲೆಯಿಂದ ನೀರು ಆರತ್ತೆ, ತಂತಿ ಮೇಲಿನ ಬಟ್ಟೆ ಆರಿದ ಹಾಗೆ. ಕೆಳಗಿಂದ ತುಂಬಿಸ್ಕೊಳ್ಳೋಣ ಅಂದ್ರೆ ಬೇರು ಇರೋ ಮಣ್ಣು ಕಲ್ಲು. ಹೋಗೋದು ಇದೆ, ಬರೋದು ಇಲ್ಲ, ಎಲೆ ಒಣಗತ್ತೆ. ದಕ್ಷಿಣ, ಪಶ್ಚಿಮದ ಕಡೆನೇ ಜಾಸ್ತಿ ಕಂದಾಗೋದು ಅದಕ್ಕೇ, ಬಿಸಿಲು ಗಾಳಿ ಎರಡೂ ಆ ಕಡೆಯಿಂದ. ವಿಂಟರ್ ಬರ್ನ್ ಅಂತಾರೆ, ಸುಟ್ಟಿದ್ದಲ್ಲ, ಬಾಯಾರಿದ್ದು.

ಕಂದು ಕಂಡ ತಕ್ಷಣ ಕತ್ತರಿ ಹಿಡಿಬೇಡಿ. ಎಲೆ ಹೋಗಿದ್ರೂ ಮೊಗ್ಗು ಬದುಕಿರ್ಬಹುದು, ಮೇ ಮಧ್ಯ ದಾಟಿದ ಮೇಲೆ ಎಲ್ಲಿಂದ ಚಿಗುರತ್ತೆ ನೋಡ್ಕೊಂಡು ಅದರ ಮೇಲೆ ಕತ್ತರಿಸಿ. ಮುಂದಿನ ವರ್ಷಕ್ಕೆ ಅಂತ ಸೆಪ್ಟೆಂಬರಿಂದ ನೆಲ ಗಟ್ಟಿ ಆಗೋವರೆಗೂ ವಾರಕ್ಕೊಂದ್ಸಲ ಬುಡಕ್ಕೆ ನೀರು, ಮಳೆ ಇಲ್ಲದ ವಾರ. ಎಳೇ ಗಿಡ ಆಗಿದ್ರೆ ಗಾಳಿ ಬೀಸೋ ಕಡೆ ನಾಲ್ಕು ಕಂಬ ನೆಟ್ಟು ಗೋಣಿ ಬಟ್ಟೆ ಪರದೆ ಕಟ್ತಾರೆ. ಈ ಊರುಗಳಲ್ಲಿ ನವೆಂಬರಲ್ಲಿ ಮನೆ ಮುಂದೆ ಗೋಣಿ ಸುತ್ತಿದ ಗಿಡಗಳು ನಿಂತಿರೋದು ನೋಡಿ ಮೊದಲ ವರ್ಷ ನಾನು ಇದೇನೋ ಹ್ಯಾಲೋವೀನ್‌ದು ತೆಗೆಯೋಕೆ ಮರೆತಿದ್ದಾರೆ ಅನ್ಕೊಂಡಿದ್ದೆ.

ಎಳೇ ಮೇಪಲ್, ಸೇಬಿನ ಮರಗಳ ನೈಋತ್ಯ ಮುಖದ ತೊಗಟೆ ಸೀಳೋದೂ ಇದೇ ಕುಟುಂಬದ ಕಾಯಿಲೆ. ಹಗಲು ಬಿಸಿಲಿಗೆ ತೊಗಟೆ ಎಚ್ಚರ ಆಗತ್ತೆ, ಸೂರ್ಯ ಮುಳುಗಿದ ತಕ್ಷಣ ಹೆಪ್ಪುಗಟ್ಟತ್ತೆ. ಬಿಳಿ ಸುತ್ತು ಹಾಕಿ ಬಿಸಿಲು ವಾಪಸ್ ಕಳಿಸ್ತಾರೆ, ವಸಂತಕ್ಕೆ ತೆಗೀತಾರೆ.

ಗಿಡ ತಾನೇ ಮೇಲೆದ್ದು ಬರೋದು

ಐದನೇ ಫೋಟೋ ನನಗೆ ತುಂಬ ಇಷ್ಟದ್ದು, ಯಾಕಂದ್ರೆ ನೋಡಿದ ಪ್ರತಿಯೊಬ್ಬರೂ ಮೊದಲು ಅಳಿಲನ್ನೇ ಬಯ್ಯೋದು. ದೀಪದ ಬತ್ತಿ ಎಣ್ಣೆನ ಮೇಲಕ್ಕೆ ಹೀರತ್ತಲ್ಲ, ಹಾಗೆ ಮಣ್ಣಿನ ಸಣ್ಣ ಸಣ್ಣ ಸಂದುಗಳು ಕೆಳಗಿನ ನೀರನ್ನ ಮೇಲಕ್ಕೆ ಹೀರ್ತವೆ. ಮೇಲೆ ಹೆಪ್ಪುಗಟ್ಟೋ ಪದರ ಇದ್ರೆ ಅಲ್ಲಿಗೆ ಬಂದ ನೀರು ಗಡ್ಡೆ ಆಗತ್ತೆ, ಅದು ಇನ್ನಷ್ಟು ನೀರು ಎಳೆಯತ್ತೆ, ಹೀಗೆ ಮಣ್ಣೊಳಗೇ ಮಂಜಿನ ಹಪ್ಪಳ ಬೆಳೆದು ಬೆಳೆದು ಮೇಲಿರೋದನ್ನೆಲ್ಲ ಎತ್ತತ್ತೆ. ಬರೀ 9 ಪರ್ಸೆಂಟ್ ಹಿಗ್ಗೋದಲ್ಲ ಇದು, ಹೊಸ ನೀರು ಬಂದು ಸೇರ್ತಾ ಇರೋದು, ಅದಕ್ಕೇ ಅಷ್ಟು ಎತ್ತೋದು. ಹಗಲು ಕರಗಿ ರಾತ್ರಿ ಗಟ್ಟಿ ಆಗೋ ಮಾರ್ಚಲ್ಲಂತೂ ದಿನಾ ಸ್ವಲ್ಪ ಸ್ವಲ್ಪ ಜಾಕ್ ಹಾಕಿದ ಹಾಗೆ. ಬೇರು ಬಿಟ್ಕೊಂಡಿರೋ ಹಳೇ ಗಿಡ ತಡ್ಕೊಳತ್ತೆ, ಅಕ್ಟೋಬರ್ ಕೊನೆಲಿ ನೆಟ್ಟಿದ್ದು ತೇಲಿ ಬರತ್ತೆ.

ಮೇಲೆದ್ದ ಗಿಡನ ಮೆಲ್ಲಗೆ ಒಳಗೆ ಒತ್ತಿ ಸುತ್ತ ಮಣ್ಣು ಕೊಡಿ, ಬೇರು ಗಾಳಿಗೆ ಒಣಗದೇ ಇದ್ರೆ ಬದುಕತ್ತೆ. ಇನ್ಮೇಲೆ ನೆಲ ಗಟ್ಟಿ ಆಗೋಕೆ ಕನಿಷ್ಠ ಆರು ವಾರ ಮುಂಚೆ ನೆಡಿ. ಆಮೇಲೆ ಮಲ್ಚ್, ಅಂದ್ರೆ ಮೇಲೆ ಹೊದಿಸೋ ಹುಲ್ಲು, ಎಲೆ, ಮರದ ಚೂರು. ಚಳಿಯ ಹೊದಿಕೆನ ನೆಲ ಗಟ್ಟಿ ಆದ ಮೇಲೆ ಹಾಕ್ಬೇಕು, ಮುಂಚೆ ಅಲ್ಲ. ಗಿಡನ ಬೆಚ್ಚಗಿಡೋಕೆ ಹಾಕೋದಲ್ಲ ಇದು, ಒಂದ್ಸಲ ಗಟ್ಟಿ ಆದದ್ದು ಪದೇ ಪದೇ ಕರಗದೇ ಇರೋ ಹಾಗೆ ನೋಡ್ಕೊಳ್ಳೋಕೆ. ಕಾಲುದಾರಿ ಕಲ್ಲು, ಪೇವರ್ ಎದ್ದು ಅಂಕುಡೊಂಕಾಗೋದಕ್ಕೂ ಇದೇ ಕಾರಣ. ಕೆಳಗೆ ಜಲ್ಲಿ ತುಂಬಿ ಚೆನ್ನಾಗಿ ಅದುಮಿದ್ರೆ ನೀರು ನಿಲ್ಲಲ್ಲ, ಜಲ್ಲಿ ಸಂದು ದೊಡ್ಡದು, ಬತ್ತಿ ಥರ ಹೀರೋದೂ ಇಲ್ಲ. ಕೊಟೇಶನ್ ಕೊಡೋ ಲ್ಯಾಂಡ್‌ಸ್ಕೇಪಿಂಗ್‌ನವರನ್ನ ಮೇಲಿನ ಕಲ್ಲಿನ ಬಣ್ಣ ಕೇಳೋ ಮುಂಚೆ ಕೆಳಗೆ ಜಲ್ಲಿ ಎಷ್ಟಿಂಚು ಅಂತ ಕೇಳಿ.

ಕ್ಯಾಲೆಂಡರ್ ಅಲ್ಲ, ಮಣ್ಣಿನ ಬಿಸಿ

ಚಳಿಲಿ ದೋಸೆ ಹಿಟ್ಟು ರಾತ್ರಿ ಇಟ್ರೂ ಬೆಳಿಗ್ಗೆ ಹುಳಿ ಬಂದಿರಲ್ಲ, ಗಡಿಯಾರ ನೋಡಿ ಏನೂ ಪ್ರಯೋಜನ ಇಲ್ಲ, ಹಿಟ್ಟು ನೋಡ್ಬೇಕು. ಇಲ್ಲಿನ ಯಾರ್ಡ್ ಕೆಲಸನೂ ಹಾಗೆ. ಯುಗಾದಿ ಹೊತ್ತಿಗೆ ಒಂದು ವರ್ಷ ಹೊರಗೆ ಟೀಶರ್ಟಲ್ಲಿ ಓಡಾಡ್ತೀವಿ, ಇನ್ನೊಂದು ವರ್ಷ ಒಬ್ಬಟ್ಟು ತಿಂದು ಸ್ನೋ ತಳ್ಳೋಕೆ ಹೋಗ್ತೀವಿ.

ಮೊದಲನೇದು, ಕರಗ್ತಾ ಇರೋ ಲಾನ್ ಮೇಲೆ ಓಡಾಡ್ಬೇಡಿ. ಮೇಲಿನ ಎರಡಿಂಚು ಕರಗಿ ಕೆಳಗೆ ಇನ್ನೂ ಗಟ್ಟಿ ಇದ್ದಾಗ ನೀರು ಇಳಿಯೋಕೆ ದಾರಿ ಇಲ್ಲ, ನಿಮ್ಮ ತೂಕಕ್ಕೆ ಮಣ್ಣಿನ ಸಂದೆಲ್ಲ ಮುಚ್ಚಿಹೋಗತ್ತೆ. ಹೆಜ್ಜೆ ಇಟ್ರೆ ಪಚಕ್ ಅಂದ್ರೆ ವಾಪಸ್ ಬನ್ನಿ.

ಕ್ರ್ಯಾಬ್‌ಗ್ರಾಸ್ ಅನ್ನೋ ಕಳೆ ಮೊಳಕೆ ಒಡೆಯೋದು ಮಣ್ಣಿನ ಮೇಲ್ಪದರ ಕೆಲವು ದಿನ ಸತತ 55 ಫ್ಯಾರನ್‌ಹೀಟ್, ಸುಮಾರು 13 ಸೆಲ್ಸಿಯಸ್ ಆಸುಪಾಸು ಇದ್ದಾಗ. ಅದನ್ನ ತಡೆಯೋ ಪುಡಿ ಅದಕ್ಕಿಂತ ಸ್ವಲ್ಪ ಮುಂಚೆ ಬೀಳ್ಬೇಕು, ಮೊಳೆತ ಮೇಲೆ ಹಾಕಿದ್ರೆ ಬಸ್ ಹೋದ ಮೇಲೆ ಸ್ಟ್ಯಾಂಡಿಗೆ ಬಂದ ಹಾಗೆ. ಅಡುಗೆ ಮನೆ ಥರ್ಮಾಮೀಟರ್ ಮಣ್ಣಿಗೆ ಚುಚ್ಚಿ ನೋಡಿದ್ರೂ ನಡೆಯತ್ತೆ, ಮನೆಯವರು ನೋಡದೇ ಇದ್ರೆ. ಒಂದು ಎಚ್ಚರಿಕೆ, ಆ ಪುಡಿಗಳಲ್ಲಿ ಬಹುಪಾಲು ಕಳೆ ಬೀಜ ಹುಲ್ಲು ಬೀಜ ಅಂತ ಭೇದ ಮಾಡಲ್ಲ, ಅದೇ ವಸಂತದಲ್ಲಿ ಲಾನ್ ಬೀಜ ಹಾಕೋದಿದ್ರೆ ಎರಡೂ ಒಟ್ಟಿಗೆ ಆಗಲ್ಲ.

ಬೀಜಕ್ಕೆ ಸರಿಯಾದ ಕಾಲ ವಸಂತ ಅಲ್ಲವೇ ಅಲ್ಲ, ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯ. ಮಣ್ಣು ಇನ್ನೂ ಬೆಚ್ಚಗೆ, ಗಾಳಿ ತಂಪು, ಕಳೆಗಳ ಕಾಟ ಕಮ್ಮಿ. ಮುಖ್ಯ ಗೊಬ್ಬರನೂ ಸೆಪ್ಟೆಂಬರ್ ಶುರುವಲ್ಲಿ, ಲೇಬರ್ ಡೇ ರಜೆ ಆಸುಪಾಸು. ಗೊಬ್ಬರದ ಚೀಲದ ಮೇಲೆ ಮೂರು ನಂಬರ್ ಇರತ್ತೆ, ಸಾರಜನಕ, ರಂಜಕ, ಪೊಟ್ಯಾಶ್, ಈ ಕ್ರಮದಲ್ಲಿ. ಮಿನೆಸೋಟಾದಲ್ಲಿ ಮಧ್ಯದ ನಂಬರ್ ಸಾಮಾನ್ಯವಾಗಿ ಸೊನ್ನೆ ಇರೋದನ್ನ ಗಮನಿಸಿದ್ದೀರಾ? ರಂಜಕ ಮಳೆ ನೀರಲ್ಲಿ ಹರಿದು ಕೆರೆ ಸೇರಿ ಪಾಚಿ ಬೆಳೆಸತ್ತೆ ಅಂತ 2002ರಲ್ಲಿ ಕಾನೂನು ಮಾಡಿದ್ರು, 2005ರಿಂದ ಇಡೀ ರಾಜ್ಯಕ್ಕೆ ಅನ್ವಯ. ಹೊಸ ಲಾನ್ ಹಾಕ್ತಿದ್ರೆ, ಇಲ್ಲಾ ಮಣ್ಣು ಪರೀಕ್ಷೆಲಿ ರಂಜಕ ಕಮ್ಮಿ ಅಂತ ಬಂದ್ರೆ ಮಾತ್ರ ಹಾಕ್ಬಹುದು. ರಸ್ತೆ ಮೇಲೆ ಬಿದ್ದ ಗೊಬ್ಬರ ಗುಡಿಸಿ ತೆಗೀಬೇಕು ಅಂತಾನೂ ಅದರಲ್ಲಿದೆ.

ಅಕ್ಟೋಬರಲ್ಲಿ ಎಲೆ. ತೆಳುವಾಗಿ ಬಿದ್ದಿದ್ರೆ ಮೋವರಲ್ಲೇ ಪುಡಿ ಮಾಡಿ ಅಲ್ಲೇ ಬಿಡಿ, ಅದೂ ಗೊಬ್ಬರನೇ, ದಪ್ಪ ಇದ್ರೆ ತೆಗೀರಿ. ಹುಲ್ಲು ಬೆಳೆಯೋದು ನಿಲ್ಲೋವರೆಗೂ ಕತ್ತರಿಸ್ತಾ ಇರಿ, ಕೊನೇ ಸಲ ಸ್ವಲ್ಪ ಗಿಡ್ಡ, 2.5 ಇಂಚು. ಸ್ಪ್ರಿಂಕ್ಲರ್ ಇದ್ರೆ ಕಂಪ್ರೆಸರ್ ತಂದು ಪೈಪಲ್ಲಿರೋ ನೀರನ್ನೆಲ್ಲ ಗಾಳಿಯಿಂದ ಊದಿ ತೆಗೀತಾರೆ, ಬ್ಲೋಔಟ್ ಅಂತಾರೆ, ಮೊದಲ ಸಲ ಅದಕ್ಕೆ ಜನನ್ನೇ ಕರೆಸೋದು ಒಳ್ಳೇದು. ಹೊರಗಿನ ನಲ್ಲಿಗೆ ಹಾಕಿರೋ ಹೋಸ್ ಪೈಪ್ ಬಿಚ್ಚೋದು ಮಾತ್ರ ಮರೀಬೇಡಿ. ಫ್ರಾಸ್ಟ್-ಫ್ರೀ ನಲ್ಲಿ ಅಂತ ಇದ್ರೂ ಹೋಸ್ ಸಿಕ್ಕಿಸಿದ್ರೆ ಒಳಗೆ ನೀರು ನಿಂತು ಗೋಡೆಯೊಳಗೇ ಪೈಪ್ ಒಡೆಯತ್ತೆ, ಅದು ಗೊತ್ತಾಗೋದು ಮೇ ತಿಂಗಳಲ್ಲಿ ನಲ್ಲಿ ತಿರುಗಿಸಿದಾಗ, ಬೇಸ್‌ಮೆಂಟಲ್ಲಿ. ನನ್ನ ಕಥೆನೇ ಇದು, ಕಾರ್ಪೆಟ್ ಸಮೇತ ಹೋಯ್ತು.

ಕರಗಿದ ನೀರು ಎಲ್ಲಿಗೆ ಹೋಗತ್ತೆ

ಲ್ಯಾಂಡ್‌ಸ್ಕೇಪಿಂಗ್ ಅಂದ್ರೆ ಹೂವು, ಕಲ್ಲು, ಅಲಂಕಾರ ಅನ್ಕೋತೀವಿ, ಚಳಿ ಊರಲ್ಲಿ ಅದರ ಮೊದಲ ಕೆಲಸ ಬೇಸ್‌ಮೆಂಟ್ ಒಣಗಿಡೋದು. ನಾಲ್ಕು ತಿಂಗಳ ಸ್ನೋ ಎರಡು ಮೂರು ವಾರದಲ್ಲಿ ಕರಗತ್ತೆ, ನೆಲ ಇನ್ನೂ ಗಟ್ಟಿ, ಕುಡಿಯೋಕೆ ತಯಾರಿಲ್ಲ, ನೀರು ಇಳಿಜಾರು ಹುಡುಕ್ಕೊಂಡು ಹೋಗತ್ತೆ. ಇಳಿಜಾರು ಮನೆ ಕಡೆಗಿದ್ರೆ ಮನೆಗೇ. ಸಾಮಾನ್ಯ ನಿಯಮ ಏನಂದ್ರೆ ಗೋಡೆಯಿಂದ ಮೊದಲ 10 ಅಡಿಲಿ ನೆಲ ಕನಿಷ್ಠ 6 ಇಂಚು ಇಳೀಬೇಕು. ಹಳೇ ಮನೆಗಳಲ್ಲಿ ಪಾಯದ ಸುತ್ತ ತುಂಬಿದ ಮಣ್ಣು ಕುಸಿದು ತಟ್ಟೆ ಥರ ಆಗಿರತ್ತೆ, ಅಲ್ಲಿ ಮಣ್ಣು ಏರಿಸೋದು ಹೂವಿನ ಗಿಡಕ್ಕಿಂತ ಮೊದಲಿನ ಖರ್ಚು. ಡೌನ್‌ಸ್ಪೌಟ್, ಅಂದ್ರೆ ಛಾವಣಿ ನೀರು ಕೆಳಗಿಳಿಸೋ ಪೈಪಿನ ಬಾಯಿನ ಗೋಡೆಯಿಂದ ದೂರಕ್ಕೆ ಒಯ್ಯಿರಿ, ತಳ್ಳಿದ ಸ್ನೋನ ಗೋಡೆಗೆ ಒರಗಿಸಿ ಗುಡ್ಡೆ ಹಾಕ್ಬೇಡಿ.

ಏನು ನೆಡೋದು

ಮೊದಲು 811ಕ್ಕೆ ಫೋನ್. ಗ್ಯಾಸ್, ಕರೆಂಟ್, ಇಂಟರ್ನೆಟ್ ಲೈನ್ ಎಲ್ಲಿದೆ ಅಂತ ಬಂದು ಬಣ್ಣ ಹಾಕಿ ಹೋಗ್ತಾರೆ, ಮನೆಯವರಿಗೆ ಫ್ರೀ. ಒಂದು ಗಿಡದ ಗುಂಡಿ ಆದ್ರೂ ಸರಿ.

ಲೈಲ್ಯಾಕ್, ಪಿಯೋನಿ ಇವಕ್ಕೆಲ್ಲ ಹೂ ಬಿಡೋಕೆ ಚಳಿ ಬೇಕೇ ಬೇಕು, ಬೆಂಗಳೂರಲ್ಲಿ ಇವು ಕಾಣದೇ ಇರೋದು ಅದಕ್ಕೇ. ಸೇಬಲ್ಲಿ ಹನಿಕ್ರಿಸ್ಪ್ ಅಂತ ಅಂಗಡಿಲಿ ತಗೋತೀವಲ್ಲ, ಅದು ಮಿನೆಸೋಟಾ ವಿಶ್ವವಿದ್ಯಾಲಯದವರು ಈ ಚಳಿಗೇ ಅಂತ ಬೆಳೆಸಿ 1991ರಲ್ಲಿ ಬಿಡುಗಡೆ ಮಾಡಿದ ತಳಿ. ಎರಡು ಬೇರೆ ಬೇರೆ ತಳಿ ಹತ್ತಿರ ಇದ್ರೆ ಮಾತ್ರ ಕಾಯಿ ಕಟ್ಟತ್ತೆ. ಆಶ್ ಮರ ಮಾತ್ರ ಹೊಸದಾಗಿ ನೆಡ್ಬೇಡಿ. ಎಮರಾಲ್ಡ್ ಆಶ್ ಬೋರರ್ ಅನ್ನೋ ಹಸಿರು ಜೀರುಂಡೆ ತೊಗಟೆ ಕೆಳಗೆ ಕೊರೆದು ಕೊಲ್ಲತ್ತೆ, ಅಮೆರಿಕದಲ್ಲಿ 2002ರಲ್ಲಿ ಮಿಶಿಗನ್‌ನಲ್ಲಿ ಮೊದಲು ಸಿಕ್ತು, 2009ರಲ್ಲಿ ಮಿನೆಸೋಟಾಗೆ ಬಂತು. ಸೌದೆ ಜೊತೆ ಊರಿಂದ ಊರಿಗೆ ಪ್ರಯಾಣ ಮಾಡತ್ತೆ ಅಂತಾನೇ ಕ್ಯಾಂಪಿಂಗ್ ಹೋಗುವಾಗ ಸೌದೆ ಕಟ್ಕೊಂಡು ಹೋಗ್ಬೇಡಿ ಅನ್ನೋದು. ಮರದ ಬುಡಕ್ಕೆ ಮಲ್ಚ್ ಹಾಕುವಾಗ ಮೂರಿಂಚು ದಪ್ಪ ಸಾಕು, ಕಾಂಡಕ್ಕೆ ತಾಗದ ಹಾಗೆ. ಗುಡ್ಡೆ ಮಾಡಿ ಒರಗಿಸಿದ್ರೆ ತೊಗಟೆ ಕೊಳೆಯತ್ತೆ, ವೋಲ್‌ಗೆ ಮನೆ ಕಟ್ಟಿಕೊಟ್ಟ ಹಾಗೂ ಆಗತ್ತೆ.

ಪೂರ್ತಿ ಲಾನ್ ಬೇಡ ಅನ್ನೋರಿಗೆ ಈ ಕಡೆ ಪ್ರೈರಿ, ಅಂದ್ರೆ ಇಲ್ಲಿನ ಬಯಲು ಹುಲ್ಲುಗಾವಲಿನ ಗಿಡಗಳು, ಕೋನ್‌ಫ್ಲವರ್, ಬೀ ಬಾಮ್, ಲಿಟಲ್ ಬ್ಲೂಸ್ಟೆಮ್ ಹುಲ್ಲು. ಈ ಮಣ್ಣು, ಈ ಚಳಿಗೆ ಸಾವಿರಾರು ವರ್ಷದಿಂದ ಒಗ್ಗಿರೋವು. ಇವುಗಳಲ್ಲಿ ಎಷ್ಟೋ ಬೀಜಕ್ಕೆ ಒದ್ದೆ ಚಳಿ ಕೆಲವು ವಾರ ಸಿಗದೇ ಮೊಳೆಯೋದೇ ಇಲ್ಲ, ಅದಕ್ಕೆ ನವೆಂಬರಲ್ಲಿ ಎರಚಿ ಬಿಟ್ಟುಬಿಡ್ತಾರೆ. ಎತ್ತರ ಬೆಳೆದ್ರೆ ಸಿಟಿಯವರು ನೋಟಿಸ್ ಕೊಡ್ತಾರಾ ಅನ್ನೋ ಪ್ರಶ್ನೆಗೆ, 2023ರಲ್ಲಿ ಮಿನೆಸೋಟಾ ಕಾನೂನು ಮಾಡಿದೆ, ಯೋಜನೆ ಹಾಕಿ ನೆಟ್ಟು ನೋಡ್ಕೊಳ್ಳೋ ಇಂಥ ತೋಟಕ್ಕೆ ಸಿಟಿಗಳು ಅವಕಾಶ ಕೊಡ್ಲೇಬೇಕು. ಆದ್ರೆ ಮೋವರ್ ಕೆಟ್ಟಿದೆ ಅಂತ ಬಿಟ್ಟ ಲಾನ್ ಇದರಲ್ಲಿ ಬರಲ್ಲ, ಅದನ್ನ ಪ್ರೈರಿ ಅಂತ ವಾದ ಮಾಡೋಕೆ ಹೋಗ್ಬೇಡಿ.

ಗೆಳೆಯನ ಕೊನೇ ಪ್ರಶ್ನೆ, ಪ್ರತಿಯೊಬ್ಬ ಕನ್ನಡದವರೂ ಕೇಳೋದು: ಕರಿಬೇವು ನೆಲಕ್ಕೆ ಹಾಕ್ಬಹುದಾ? ಆಗಲ್ಲ. ಕುಂಡದಲ್ಲೇ ಇಟ್ಕೊಂಡು, ರಾತ್ರಿ 50 ಫ್ಯಾರನ್‌ಹೀಟಿಗೆ ಇಳಿಯೋಕೆ ಶುರು ಆದ ತಕ್ಷಣ ಒಳಗೆ ತಗೊಳಿ, ದಕ್ಷಿಣದ ಕಿಟಕಿ ಹತ್ರ ಇಡಿ, ನೀರು ಕಮ್ಮಿ ಮಾಡಿ. ಮೇ ಕೊನೆಗೆ, ರಾತ್ರಿ ಬೆಚ್ಚಗಾದ ಮೇಲೆ, ಮತ್ತೆ ಹೊರಗೆ, ಮೊದಲ ವಾರ ನೆರಳಲ್ಲಿ. ಜನವರಿಲಿ ಎಲೆ ಎಲ್ಲ ಉದುರಿ ಕಡ್ಡಿ ಥರ ನಿಂತ್ರೆ ಎಸೀಬೇಡಿ. ಉಗುರಲ್ಲಿ ಕಾಂಡ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ರೆ ಜೀವ ಇದೆ ಅಂತ. ಆ ಕಂದು ಬೇಲಿಗೂ ಇದೇ ಪರೀಕ್ಷೆ, ಅವನು ಕೆರೆದು ನೋಡಿ ಫೋಟೋ ಕಳಿಸಿದ್ದಾನೆ, ಎಂಟರಲ್ಲಿ ಆರು ಹಸಿರು.